ಅರ್ಧ ಪರ್ಸೆಂಟಿನ ಹಟ: ಅಮೆರಿಕದ ಪಾನನಿಷೇಧ ಎದ್ದದ್ದು, ಬಿದ್ದದ್ದು

ಅಮೆರಿಕ ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದು ಮದ್ಯವನ್ನು ನಿಲ್ಲಿಸಿತು. 1920ರ ಜನವರಿ 17ರಂದು ಜಾರಿಗೆ ಬಂದ ಆ ನಿಷೇಧವನ್ನು 1933ರ ಡಿಸೆಂಬರ್ 5ರಂದು ಇನ್ನೊಂದು ತಿದ್ದುಪಡಿ ತಂದು ಕಿತ್ತುಹಾಕಿತು. ಆ ದೇಶದ ಸಂವಿಧಾನದಲ್ಲಿ ಒಂದು ತಿದ್ದುಪಡಿಯನ್ನು ಮತ್ತೊಂದು ತಿದ್ದುಪಡಿ ಪೂರ್ತಿಯಾಗಿ ರದ್ದು ಮಾಡಿದ್ದು ಇದೊಂದೇ ಸಲ.

ನಮ್ಮಲ್ಲಿ ಪಾನನಿಷೇಧದ ಚರ್ಚೆ ಎದ್ದಾಗಲೆಲ್ಲ ಈ ಉದಾಹರಣೆ ಬರುತ್ತದೆ. ಬೇಡ ಅನ್ನುವವರು ‘ಅಮೆರಿಕದಲ್ಲೇ ಆಗಲಿಲ್ಲ, ಇಲ್ಲಿ ಆಗುತ್ತದಾ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬೇಕು ಅನ್ನುವವರು ‘ಅಧಿಕಾರಿಗಳು ಲಂಚ ತಿನ್ನದೇ ಇದ್ದಿದ್ದರೆ ಆಗುತ್ತಿತ್ತು’ ಅನ್ನುತ್ತಾರೆ. ಇಬ್ಬರೂ ಪ್ರಕರಣವನ್ನು ಪೂರ್ತಿ ಓದಿಲ್ಲ ಅಂತ ನನ್ನ ಅನಿಸಿಕೆ. ಯಾರು, ಯಾವಾಗ, ಯಾವ ತೀರ್ಮಾನ ತೆಗೆದುಕೊಂಡರು ಎಂದು ಒಂದೊಂದಾಗಿ ನೋಡುತ್ತ ಹೋದರೆ, ಈ ಕಾನೂನನ್ನು ಉಳಿಸಿಕೊಳ್ಳುವ ಅವಕಾಶ ಅದರ ಬೆಂಬಲಿಗರಿಗೇ ಒಂದಲ್ಲ ಹಲವು ಸಲ ಸಿಕ್ಕಿತ್ತು, ಪ್ರತಿ ಸಲವೂ ಅವರೇ ಒದ್ದು ದೂಡಿದರು ಎಂದು ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುದ್ದೆಯಲ್ಲಿದ್ದವರ, ಸಾರ್ವಜನಿಕವಾಗಿ ಚಳವಳಿ ನಡೆಸಿದವರ ಹೆಸರು ಹೇಳಿದ್ದೇನೆ. ಕೇಸಿನಲ್ಲಿ ಸಿಕ್ಕಿಬಿದ್ದ, ಶಿಕ್ಷೆಯಾದ, ಕುಡಿದು ಸತ್ತ ಸಾಮಾನ್ಯ ಜನರ ಹೆಸರನ್ನು ಬಿಟ್ಟಿದ್ದೇನೆ. ಇಲ್ಲಿನ ವಾದಕ್ಕೆ ಅವು ಬೇಕಾಗಿಲ್ಲ.

ಹಿನ್ನೆಲೆ: ಪಡಖಾನೆ ಮತ್ತು ಬಟವಾಡೆ

1830ರ ಹೊತ್ತಿಗೆ ಅಮೆರಿಕದಲ್ಲಿ ಹದಿನೈದು ದಾಟಿದವರ ತಲೆಗೆ ವರ್ಷಕ್ಕೆ ಸುಮಾರು 7 ಗ್ಯಾಲನ್, ಅಂದರೆ 26 ಲೀಟರಿನಷ್ಟು ಶುದ್ಧ ಆಲ್ಕೋಹಾಲ್ ಬೀಳುತ್ತಿತ್ತು. ಇವತ್ತಿನ ಅಲ್ಲಿನ ಬಳಕೆಯ ಸುಮಾರು ಮೂರು ಪಟ್ಟು. ಒಳನಾಡಿನ ರೈತನಿಗೆ ಮೆಕ್ಕೆಜೋಳವನ್ನು ಮೂಟೆ ಕಟ್ಟಿ ಸಾಗಿಸುವುದಕ್ಕಿಂತ ವಿಸ್ಕಿ ಇಳಿಸಿ ಪೀಪಾಯಿಯಲ್ಲಿ ಸಾಗಿಸುವುದು ಅಗ್ಗವಾಗುತ್ತಿತ್ತು. ಮದುವೆಯಾದ ಹೆಂಗಸಿಗೆ ಓಟಿರಲಿಲ್ಲ, ಬಹಳ ಕಡೆ ತಾನು ದುಡಿದ ಕೂಲಿಯ ಮೇಲೂ ಹಕ್ಕಿರಲಿಲ್ಲ. ಗಂಡ ಬಟವಾಡೆ ಹಣ ಹಿಡಿದು ನೇರ ಪಡಖಾನೆಗೆ ನಡೆದರೆ ಅವಳು ಯಾರಿಗೆ ದೂರು ಕೊಡಬೇಕು?

ಪಾನವಿರೋಧ ಹೆಂಗಸರ ಚಳವಳಿಯಾಗಿ ಬೆಳೆದದ್ದು ಹೀಗೆ. 1873ರ ಚಳಿಗಾಲದಲ್ಲಿ ಒಹಾಯೊದ ಹಿಲ್ಸ್‌ಬರೊ ಎಂಬ ಸಣ್ಣ ಊರಿನ ಹೆಂಗಸರು ಗುಂಪು ಕಟ್ಟಿಕೊಂಡು ಹೋಗಿ ಮದ್ಯ ಮಾರುವ ಅಂಗಡಿಗಳ ಮುಂದೆ ಮಂಡಿಯೂರಿ ಪ್ರಾರ್ಥನೆ ಮಾಡಿದರು. ಅದು ಊರಿಂದ ಊರಿಗೆ ಹಬ್ಬಿತು. ಮರುವರ್ಷ ವಿಮೆನ್ಸ್ ಕ್ರಿಶ್ಚಿಯನ್ ಟೆಂಪರೆನ್ಸ್ ಯೂನಿಯನ್ ಹುಟ್ಟಿತು. ಫ್ರಾನ್ಸಿಸ್ ವಿಲ್ಲರ್ಡ್ 1879ರಲ್ಲಿ ಅದರ ಅಧ್ಯಕ್ಷೆಯಾದ ಮೇಲೆ ಪಾನನಿಷೇಧ ಮತ್ತು ಮಹಿಳೆಯರ ಮತದಾನದ ಹಕ್ಕು ಒಟ್ಟೊಟ್ಟಿಗೆ ನಡೆಯತೊಡಗಿದವು.

ಇನ್ನೊಂದು ಕಡೆ ಪಡಖಾನೆಯ ಸ್ವರೂಪವೇ ಬದಲಾಗುತ್ತಿತ್ತು. ರೈಲು, ಐಸು ಬಂದ ಮೇಲೆ ಬಿಯರ್ ದೊಡ್ಡ ಕಾರ್ಖಾನೆಗಳ ವ್ಯವಹಾರವಾಯಿತು. ಕಂಪನಿಗಳು ಪಡಖಾನೆಯವನಿಗೆ ಬಾಡಿಗೆ, ಲೈಸೆನ್ಸ್ ಫೀ, ಕನ್ನಡಿ-ಕೌಂಟರ್ ಎಲ್ಲವನ್ನೂ ತಾವೇ ಒದಗಿಸಿ, ‘ನಮ್ಮ ಬಿಯರ್ ಮಾತ್ರ ಮಾರಬೇಕು’ ಎಂದು ಕಟ್ಟಿಹಾಕಿದವು. ಎದುರಿನ ಮೂಲೆಯಲ್ಲಿ ಇನ್ನೊಂದು ಕಂಪನಿಯ ಪಡಖಾನೆ. ಸಾಲ ತೀರಿಸಬೇಕಾದರೆ ಹೆಚ್ಚು ಮಾರಬೇಕು, ಹೆಚ್ಚು ಮಾರಬೇಕಾದರೆ ಹೊಸ ಕುಡುಕರನ್ನು ಹುಟ್ಟಿಸಬೇಕು. ವಾರ್ಡಿನ ರಾಜಕೀಯ, ಜೂಜು, ಸೂಳೆಗಾರಿಕೆ ಎಲ್ಲವೂ ಅಲ್ಲೇ ಬಂದು ಸೇರಿಕೊಂಡವು. ನನ್ನ ಪ್ರಕಾರ ಜನ ಸಿಟ್ಟಾಗಿದ್ದು ಲೋಟದ ಮೇಲಲ್ಲ, ಈ ಅಂಗಡಿಯ ಮೇಲೆ. 1893ರಲ್ಲಿ ಒಹಾಯೊದ ಓಬರ್ಲಿನ್‌ನಲ್ಲಿ ಹುಟ್ಟಿದ ಸಂಘಟನೆ ತನ್ನ ಹೆಸರನ್ನು ಆಂಟಿ-ಸಲೂನ್ ಲೀಗ್ ಎಂದು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಅದು ಪಡಖಾನೆ ವಿರೋಧಿ ಸಂಘ. ಕುಡಿತದ ಬಗ್ಗೆ ಆ ಹೆಸರಲ್ಲಿ ಮಾತೇ ಇಲ್ಲ.

ಕಾನೂನು ಸಂವಿಧಾನ ಹತ್ತಿದ ಬಗೆ

ಲೀಗಿನ ತಂತ್ರ ಬಹಳ ಸರಳ. ಅಭ್ಯರ್ಥಿ ಯಾವ ಪಕ್ಷದವನು, ಮನೆಯಲ್ಲಿ ಕುಡಿಯುತ್ತಾನೋ ಇಲ್ಲವೋ ಅವರಿಗೆ ಬೇಡ. ಸದನದಲ್ಲಿ ಮದ್ಯದ ವಿರುದ್ಧ ಓಟು ಹಾಕುತ್ತಾನಾ? ಹಾಗಾದರೆ ನಮ್ಮ ಓಟು ಅವನಿಗೆ. ಜಿದ್ದಾಜಿದ್ದಿ ಇರುವ ಕ್ಷೇತ್ರದಲ್ಲಿ ನೂರಕ್ಕೆ ಐದೋ ಹತ್ತೋ ಓಟು ಅತ್ತಿತ್ತ ಸರಿಸಿದರೆ ಫಲಿತಾಂಶವೇ ಬದಲಾಗುತ್ತದೆ. ಲೀಗಿನ ವಕೀಲ ವೇಯ್ನ್ ವೀಲರ್ ಈ ಆಟದ ಪಳಗಿದ ಕೈ.

ಆದರೆ ಹಣದ ಅಡ್ಡಿ ಇತ್ತು. ಒಕ್ಕೂಟ ಸರ್ಕಾರದ ವರಮಾನದಲ್ಲಿ ಮೂರನೇ ಒಂದು ಭಾಗದಷ್ಟು ಮದ್ಯದ ಸುಂಕದಿಂದಲೇ ಬರುತ್ತಿತ್ತು. ಅಬಕಾರಿ ಹಣ ಬಿಟ್ಟರೆ ಬಜೆಟ್ ನಡೆಯುವುದು ಹೇಗೆ ಎಂಬ ಪ್ರಶ್ನೆ ನಮ್ಮ ಹಣಕಾಸು ಮಂತ್ರಿಗಳಿಗೂ ಹೊಸದಲ್ಲ. 1913ರ 16ನೇ ತಿದ್ದುಪಡಿ ಆದಾಯ ತೆರಿಗೆಗೆ ದಾರಿ ಮಾಡಿಕೊಟ್ಟ ಮೇಲೆ ಆ ಅಡ್ಡಿ ಸಡಿಲವಾಯಿತು. ಪಾನನಿಷೇಧದವರು ಆದಾಯ ತೆರಿಗೆಯ ಪರ ನಿಂತದ್ದು ಲೆಕ್ಕ ಹಾಕಿಯೇ.

ಆಮೇಲೆ ಯುದ್ಧ ಬಂತು. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಪ್ಯಾಬ್ಸ್ಟ್, ಶ್ಲಿಟ್ಜ್, ಬುಶ್ ಎಂಬ ಜರ್ಮನ್ ಹೆಸರಿನ ಬಿಯರ್ ಮಾಲೀಕರು ರಾತ್ರೋರಾತ್ರಿ ಅನುಮಾನಕ್ಕೆ ಗುರಿಯಾದರು. ಸೈನಿಕರಿಗೆ ಹೋಗಬೇಕಾದ ಧಾನ್ಯವನ್ನು ಕೊಳೆಸಿ ಹೆಂಡ ಮಾಡುತ್ತಾರೆ ಎಂಬ ಮಾತಿಗೆ ಉತ್ತರ ಕೊಡುವುದು ಕಷ್ಟ. ಆ ವರ್ಷದ ಡಿಸೆಂಬರ್‌ನಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮದ್ಯ ನಿಷೇಧಿಸುವ 18ನೇ ತಿದ್ದುಪಡಿಯನ್ನು ರಾಜ್ಯಗಳಿಗೆ ಕಳಿಸಿತು. ಅನುಮೋದನೆಗೆ ಏಳು ವರ್ಷದ ಗಡುವು ಇಟ್ಟಿದ್ದರು. ಅಷ್ಟರಲ್ಲಿ ಬೇಕಾದ 36 ರಾಜ್ಯ, ಅಂದರೆ 48ರ ಮುಕ್ಕಾಲು ಪಾಲು, ಒಪ್ಪುವುದಿಲ್ಲ ಎಂದು ವಿರೋಧಿಗಳು ಲೆಕ್ಕ ಹಾಕಿದ್ದರು. ಹದಿಮೂರೇ ತಿಂಗಳಲ್ಲಿ, 1919ರ ಜನವರಿ 16ರಂದು, ನೆಬ್ರಾಸ್ಕ 36ನೆಯದಾಗಿ ಸಹಿ ಹಾಕಿತು. ಕೊನೆಗೆ 48ರಲ್ಲಿ 46 ರಾಜ್ಯಗಳು ಒಪ್ಪಿದವು. ಕನೆಕ್ಟಿಕಟ್, ರೋಡ್ ಐಲೆಂಡ್ ಮಾತ್ರ ಒಪ್ಪಲಿಲ್ಲ.

ಶಾಸನಸಭೆಗಳಲ್ಲಿ ಹಳ್ಳಿಗಾಡಿನ ಪ್ರತಿನಿಧಿಗಳ ತೂಕವೇ ಹೆಚ್ಚಿದ್ದ ಕಾಲ ಅದು. 1920ರ ಜನಗಣತಿಯಲ್ಲಿ ಮೊದಲ ಸಲ ಪಟ್ಟಣವಾಸಿಗಳ ಸಂಖ್ಯೆ ಹಳ್ಳಿಯವರನ್ನು ಮೀರಿತು. ಅದರಂತೆ ಸೀಟು ಮರುಹಂಚಿಕೆ ಆಗಬೇಕಿತ್ತು. ದಶಕವಿಡೀ ಆಗಲೇ ಇಲ್ಲ. ಪಟ್ಟಣಗಳ ಓಟು ಲೆಕ್ಕಕ್ಕೆ ಬರುವ ಮೊದಲೇ ಕಾನೂನನ್ನು ಸಂವಿಧಾನದೊಳಗೆ ಬೀಗ ಹಾಕಿ ಇಡುವ ಆತುರ ಲೀಗಿಗೆ ಇತ್ತು, ಅದನ್ನು ಸಾಧಿಸಿತು ಕೂಡ.

1919ರ ಅಕ್ಟೋಬರ್: ಅರ್ಧ ಪರ್ಸೆಂಟ್

ಈ ಪ್ರಕರಣದಲ್ಲಿ ಒಂದೇ ಒಂದು ತಿರುವನ್ನು ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ.

ತಿದ್ದುಪಡಿಯ ಮಾತುಗಳು ತೀರಾ ಕಡಿಮೆ. ‘ಅಮಲೇರಿಸುವ ಮದ್ಯ’ದ ತಯಾರಿಕೆ, ಮಾರಾಟ, ಸಾಗಣೆ, ಆಮದು, ರಫ್ತು ನಿಷಿದ್ಧ. ಕುಡಿಯುವುದು ಅಪರಾಧ ಅಂತಿಲ್ಲ, ಕೊಳ್ಳುವುದು ಅಪರಾಧ ಅಂತಲೂ ಇಲ್ಲ. ಎಷ್ಟು ಆಲ್ಕೋಹಾಲ್ ಇದ್ದರೆ ಅಮಲೇರಿಸುವ ಮದ್ಯ ಎಂದೂ ಹೇಳಿರಲಿಲ್ಲ. ಅದನ್ನು ತೀರ್ಮಾನಿಸುವ ಕೆಲಸ ಸಾಮಾನ್ಯ ಕಾಯ್ದೆಗೆ ಬಿಟ್ಟಿತ್ತು.

ಬಹಳ ಜನ ಅಂದುಕೊಂಡಿದ್ದು ವಿಸ್ಕಿ, ರಮ್, ಜಿನ್ ಹೋಗುತ್ತದೆ, ತೆಳು ಬಿಯರ್ ಉಳಿಯುತ್ತದೆ ಎಂದು. ಅದಕ್ಕೆ ಆಧಾರವೂ ಇತ್ತು: ಯುದ್ಧಕಾಲದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಬಿಯರಿಗೆ 2.75 ಪರ್ಸೆಂಟಿನ ಮಿತಿ ಹಾಕಿದ್ದರು. ಕಾರ್ಮಿಕ ಸಂಘಗಳು ಅದಕ್ಕೇ ಜೋತುಬಿದ್ದಿದ್ದವು. 1919ರಲ್ಲಿ ‘ಬಿಯರ್ ಇಲ್ಲದಿದ್ದರೆ ಕೆಲಸವೂ ಇಲ್ಲ’ ಎಂದು ಬಿಲ್ಲೆ ಧರಿಸಿ ಓಡಾಡಿದ ಕಾರ್ಮಿಕರಿದ್ದರು. ಮಿನೆಸೋಟದ ಸಂಸದ ಆಂಡ್ರ್ಯೂ ವೋಲ್‌ಸ್ಟೆಡ್ ಮಂಡಿಸಿದ, ವೀಲರ್ ಕೈವಾಡ ಹೆಚ್ಚಾಗಿದ್ದ ಮಸೂದೆ ಬಂದಾಗ ಅದರಲ್ಲಿ ಇದ್ದ ಅಂಕಿ 0.5 ಪರ್ಸೆಂಟ್. ವಿಲ್ಸನ್ ವೀಟೊ ಹಾಕಿದರು. ಎರಡು ದಿನದೊಳಗೆ ಎರಡೂ ಸದನಗಳು ವೀಟೊವನ್ನು ತಳ್ಳಿಹಾಕಿದವು. 1919ರ ಅಕ್ಟೋಬರ್ 28ರಂದು ವೋಲ್‌ಸ್ಟೆಡ್ ಕಾಯ್ದೆ ಬಂತು.

ಕಾರ್ಖಾನೆಯಿಂದ ಸಂಜೆ ಮನೆಗೆ ಹೊರಟವನ ಒಂದು ಲೋಟ ಬಿಯರೂ, ಇಟಲಿಯಿಂದ ಬಂದ ಕುಟುಂಬದ ಊಟದ ವೈನೂ ಒಂದೇ ಏಟಿಗೆ ವಿಸ್ಕಿಯ ಸಾಲಿಗೆ ಬಿದ್ದವು. ಪಡಖಾನೆಯ ಮೇಲಿನ ಸಿಟ್ಟಿಗೆ ಓಟು ಹಾಕಿದವನಿಗೆ ತನ್ನ ಮನೆಯ ಲೋಟವೂ ಹೋದದ್ದು ಕಂಡಿತು. ಅಷ್ಟೇ ಅಲ್ಲ. ಬಿಯರ್ ಭಾರ ಜಾಸ್ತಿ, ಬೆಲೆ ಕಡಿಮೆ. ಕದ್ದು ಸಾಗಿಸುವವನಿಗೆ ಅದು ಗಿಟ್ಟುವುದಿಲ್ಲ. ಸಿಕ್ಕಿಬಿದ್ದರೆ ಎರಡಕ್ಕೂ ಒಂದೇ ಶಿಕ್ಷೆ ಎಂದಾದ ಮೇಲೆ ಅವನು ಗಟ್ಟಿ ಸರಕನ್ನೇ ಸಾಗಿಸುತ್ತಾನೆ. ಮೃದು ಪಾನೀಯವನ್ನು ಅಪರಾಧ ಮಾಡಿದ ಕಾನೂನು ಜನರನ್ನು ಬಿಯರಿನಿಂದ ಜಿನ್‌ಗೆ ತಳ್ಳಿತು.

ಈ 0.5 ಎಂಬುದು ಸಂವಿಧಾನದಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಸಾಧಾರಣ ಬಹುಮತದಿಂದ ಯಾವ ವರ್ಷ ಬೇಕಾದರೂ ಬದಲಿಸಬಹುದಿತ್ತು. ಕಾರ್ಮಿಕ ಸಂಘಗಳು ಕೇಳಿದವು, ಪಟ್ಟಣದ ಸಂಸದರು ಕೇಳಿದರು. ಒಂದು ಕೂದಲೆಳೆ ಸಡಿಲಿಸಿದರೂ ಪಡಖಾನೆ ವಾಪಸ್ ಬರುತ್ತದೆ ಎಂದು ಲೀಗ್ ಹಟ ಹಿಡಿಯಿತು.

ಜಾರಿ: ರಂಗೋಲಿ ಕೆಳಗಿನ ದಾರಿಗಳು

ಕಾಯ್ದೆಯಲ್ಲೇ ಕಿಂಡಿಗಳಿದ್ದವು. 1920ಕ್ಕೆ ಮೊದಲು ಕೊಂಡಿಟ್ಟ ಮದ್ಯವನ್ನು ಮನೆಯಲ್ಲಿ ಇಟ್ಟುಕೊಂಡು ಕುಡಿಯಬಹುದಿತ್ತು. ದುಡ್ಡಿದ್ದವರು ನೆಲಮಾಳಿಗೆ ತುಂಬಿಸಿಕೊಂಡರು, ಕೂಲಿಯವನಿಗೆ ಆ ಅನುಕೂಲ ಇರಲಿಲ್ಲ. ಚರ್ಚು ಮತ್ತು ಯಹೂದಿಗಳ ಪೂಜೆಯ ವೈನಿಗೆ ವಿನಾಯಿತಿ ಸಿಕ್ಕಿತು. ಡಾಕ್ಟರ್ ಚೀಟಿ ಬರೆದರೆ ಹತ್ತು ದಿನಕ್ಕೆ ಒಂದು ಪೈಂಟ್ (ಸುಮಾರು ಅರ್ಧ ಲೀಟರ್) ಮದ್ಯ ಔಷಧಿ ಅಂಗಡಿಯಲ್ಲೇ ಸಿಗುತ್ತಿತ್ತು. ಮನೆಯಲ್ಲಿ ಹಣ್ಣಿನ ರಸ ಮಾಡಿಕೊಳ್ಳಲು ಅಡ್ಡಿಯಿರಲಿಲ್ಲ. ಕ್ಯಾಲಿಫೋರ್ನಿಯದ ದ್ರಾಕ್ಷಿ ತೋಟಗಳು ಹಾಳಾಗುವ ಬದಲು ವಿಸ್ತಾರವಾದವು. ಒಣಗಿಸಿ ಇಟ್ಟಿಗೆಯಂತೆ ಒತ್ತಿದ ದ್ರಾಕ್ಷಿ ಮಾರಾಟಕ್ಕೆ ಬಂತು. ಇದನ್ನು ನೀರಿನಲ್ಲಿ ಕಲಸಿ ಇಷ್ಟು ದಿನ ಕಪಾಟಿನಲ್ಲಿ ಇಡಬೇಡಿ, ಇಟ್ಟರೆ ವೈನ್ ಆಗಿಬಿಡುತ್ತದೆ ಎಂಬ ‘ಎಚ್ಚರಿಕೆ’ಯೂ ಅದರ ಜೊತೆಗೇ ಬರುತ್ತಿತ್ತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಕಲೆ ನಮಗೆ ಮಾತ್ರ ಗೊತ್ತಿರುವುದಲ್ಲ.

ಇಷ್ಟು ದೊಡ್ಡ ದೇಶಕ್ಕೆ ಶುರುವಿನಲ್ಲಿ ನೇಮಿಸಿದ ಒಕ್ಕೂಟದ ಏಜೆಂಟರು ಸುಮಾರು 1,500. ಅವರನ್ನು ಖಜಾನೆ ಇಲಾಖೆಯ ಕೈಕೆಳಗೆ ಇಟ್ಟರು, ಸಂಬಳ ಕಡಿಮೆ ಕೊಟ್ಟರು. ಅದಕ್ಕಿಂತ ಕೆಟ್ಟ ತೀರ್ಮಾನ ಎಂದರೆ ಅವರ ನೇಮಕಾತಿಯನ್ನು ಸಿವಿಲ್ ಸರ್ವಿಸ್ ಪರೀಕ್ಷೆಯಿಂದ ಹೊರಗಿಟ್ಟದ್ದು. ಕೆಲಸಗಳನ್ನು ಶಿಫಾರಸಿನ ಮೇಲೆ ಹಂಚುವ ಅವಕಾಶ ಕೊಟ್ಟರೆ ಸಂಸದರು ಮಸೂದೆಗೆ ಓಟು ಹಾಕುತ್ತಾರೆ ಎಂಬುದು ಲೀಗಿನ ಲೆಕ್ಕ. ಓಟು ಬಿತ್ತು. ಸರಿಯಾದ ಏಜೆಂಟರು ಬರಲಿಲ್ಲ. ಮೊದಲ ದಶಕದಲ್ಲಿ ಹನ್ನೆರಡು ಏಜೆಂಟರಿಗೆ ಒಬ್ಬನಂತೆ ಲಂಚ, ಸುಲಿಗೆ, ಕಳ್ಳಸಾಗಣೆಯಂಥ ಕಾರಣಕ್ಕೆ ವಜಾ ಆದ. 1927ರಲ್ಲಿ ಕೊನೆಗೂ ಪರೀಕ್ಷೆ ಕಡ್ಡಾಯ ಮಾಡಿದಾಗ ಹುದ್ದೆಯಲ್ಲಿದ್ದವರಲ್ಲೇ ಬಹಳ ಮಂದಿ ನಪಾಸಾದರು. ಏಳು ವರ್ಷ ತಡವಾಗಿತ್ತು.

ಜಾರಿ ಮಾಡುವ ಅಧಿಕಾರ ಒಕ್ಕೂಟದ ಜೊತೆಗೆ ರಾಜ್ಯಗಳಿಗೂ ಇದೆ ಎಂದು ತಿದ್ದುಪಡಿಯಲ್ಲೇ ಇತ್ತು. ಮೇರಿಲ್ಯಾಂಡ್ ಅದಕ್ಕೊಂದು ಕಾನೂನನ್ನೇ ಮಾಡಲಿಲ್ಲ. ನ್ಯೂಯಾರ್ಕ್ 1923ರಲ್ಲಿ ತನ್ನ ಜಾರಿ ಕಾನೂನನ್ನು ವಾಪಸ್ ಪಡೆಯಿತು, ಗವರ್ನರ್ ಅಲ್ ಸ್ಮಿತ್ ಸಹಿ ಹಾಕಿದರು. ಅಮೆರಿಕದ ಕಾನೂನಿನ ಗಡಿಯಾದ ಮೂರು ಮೈಲಿ ಆಚೆ ಸಮುದ್ರದಲ್ಲಿ ಹಡಗುಗಳು ಸಾಲಾಗಿ ನಿಂತು ಮೋಟರ್ ಬೋಟುಗಳಿಗೆ ಪೆಟ್ಟಿಗೆ ಇಳಿಸುತ್ತಿದ್ದವು. ಕೆನಡಾದ ಕಡೆಯಿಂದ ಡೆಟ್ರಾಯಿಟ್ ನದಿ ದಾಟುವುದು ಇನ್ನೂ ಸಲೀಸು. ಕಾನೂನು ಮಾಡಿದ ಕಾಂಗ್ರೆಸ್ಸಿನ ಕಟ್ಟಡದೊಳಗೇ ಹಸಿರು ಟೋಪಿಯವನೊಬ್ಬ ವರ್ಷಗಟ್ಟಲೆ ಸಂಸದರ ಕೋಣೆಗಳಿಗೆ ಬಾಟಲಿ ತಲುಪಿಸಿದ. ಎರಡು ಸಲ ಸಿಕ್ಕಿಬಿದ್ದ ಮೇಲೆ 1930ರಲ್ಲಿ ತನ್ನ ಕಥೆಯನ್ನು ಪತ್ರಿಕೆಗೆ ಬರೆದು, ಐದು ಜನ ಸಂಸದರಲ್ಲಿ ನಾಲ್ವರು ಕುಡಿಯುತ್ತಾರೆ ಎಂದ. ತನ್ನ ಗಿರಾಕಿಗಳ ಹೆಸರನ್ನು ಅವನೂ ಹೇಳಲಿಲ್ಲ.

ಷಿಕಾಗೋದ ಗ್ಯಾಂಗುಗಳ ಕಥೆ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಒಂದು ಅಂಶ ಮಾತ್ರ ಹೇಳಬೇಕು. ಅಲ್ಲಿನ ಗ್ಯಾಂಗಿನ ನಾಯಕ ಅಲ್ ಕಪೋನ್ 1931ರಲ್ಲಿ ಹನ್ನೊಂದು ವರ್ಷದ ಶಿಕ್ಷೆಗೆ ಗುರಿಯಾದದ್ದು ಮದ್ಯದ ಕೇಸಿನಲ್ಲಲ್ಲ, ಆದಾಯ ತೆರಿಗೆ ವಂಚನೆಯಲ್ಲಿ. ಅಕ್ರಮ ಗಳಿಕೆಗೂ ತೆರಿಗೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 1927ರಲ್ಲಿ ಹೇಳಿತ್ತು. ಆ ವಾದ ಹೂಡಿದ್ದು ಪಾನನಿಷೇಧದ ಮೊಕದ್ದಮೆಗಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕ ಅಟಾರ್ನಿ ಜನರಲ್ ಮೇಬಲ್ ವಾಕರ್ ವಿಲ್ಲೆಬ್ರಾಂಟ್. ಇಡೀ ವ್ಯವಸ್ಥೆಯಲ್ಲಿ ತಲೆ ಓಡಿಸಿ ಕೆಲಸ ಮಾಡಿದ ಕೆಲವೇ ಅಧಿಕಾರಿಗಳಲ್ಲಿ ಆಕೆ ಒಬ್ಬರು.

ವಿಷ ಬೆರೆಸಿದ ಸರ್ಕಾರ

ಬಣ್ಣ, ಔಷಧಿ, ಸುಗಂಧದ ಕಾರ್ಖಾನೆಗಳಿಗೆ ಆಲ್ಕೋಹಾಲ್ ಬೇಕೇ ಬೇಕು. 1906ರಿಂದಲೂ ಅದಕ್ಕೆ ಸುಂಕ ಇರಲಿಲ್ಲ, ಆದರೆ ಯಾರೂ ಕುಡಿಯದಂತೆ ಏನಾದರೂ ಬೆರೆಸಿ ಕೆಡಿಸಬೇಕಿತ್ತು. ನಿಷೇಧ ಬಂದ ಮೇಲೆ ಬೂಟ್‌ಲೆಗರ್‌ಗಳು, ಅಂದರೆ ಕಳ್ಳ ಮದ್ಯದ ವ್ಯಾಪಾರಿಗಳು, ಈ ಸ್ಪಿರಿಟ್ಟನ್ನೇ ಕದ್ದು, ಕೆಮಿಸ್ಟರನ್ನು ಇಟ್ಟುಕೊಂಡು ಬೆರಕೆಯನ್ನು ತೆಗೆಸಿ, ಬಣ್ಣ ಕಟ್ಟಿ ಮಾರತೊಡಗಿದರು. ಸರ್ಕಾರ ಬೆರಕೆಯ ಸೂತ್ರ ಬದಲಿಸಿತು. ಅವರು ಅದನ್ನೂ ತೆಗೆದರು. 1926ರ ಕೊನೆಗೆ ಸರ್ಕಾರ ಮೆಥನಾಲ್ ಪ್ರಮಾಣವನ್ನು ಏರಿಸಲು ತೀರ್ಮಾನಿಸಿತು. ಮೆಥನಾಲನ್ನು ಪೂರ್ತಿ ತೆಗೆಯುವುದು ಸುಲಭವಲ್ಲ ಎಂಬುದೇ ಆ ತೀರ್ಮಾನದ ಹಿಂದಿನ ಲೆಕ್ಕ.

ಮೆಥನಾಲ್ ದೇಹದೊಳಗೆ ಹೋದರೆ ಏನಾಗುತ್ತದೆ ಎಂದು ನಾವು ಬಲ್ಲೆವು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದದ್ದು ಅದೇ. ಪಿತ್ತಜನಕಾಂಗ ಅದನ್ನು ಒಡೆದು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಕಣ್ಣಿನ ನರ ಮೊದಲು ಹೋಗುತ್ತದೆ. ಕುಡಿದವನಿಗೆ ಮೊದಲ ಕೆಲವು ಗಂಟೆ ಮಾಮೂಲಿ ನಶೆಯಂತೆಯೇ ಅನಿಸುತ್ತದೆ. ಮಂಜು ಕವಿದ ಹಾಗೆ ಕಣ್ಣು ಮಸುಕಾದಾಗಲೇ ಏನೋ ತಪ್ಪಿದೆ ಎಂದು ಗೊತ್ತಾಗುವುದು.

1926ರ ಕ್ರಿಸ್ಮಸ್ ಸಮಯದಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಇಂಥವರು ಒಬ್ಬರ ಹಿಂದೊಬ್ಬರು ಬಂದರು. ಕೆಲವರಿಗೆ ಭ್ರಮೆ, ಕೆಲವರಿಗೆ ಕುರುಡು. ಅರವತ್ತಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಹಲವರು ಹಬ್ಬ ಮುಗಿಯುವುದರೊಳಗೆ ಸತ್ತರು. ನಗರದ ಮುಖ್ಯ ಶವಪರೀಕ್ಷಾಧಿಕಾರಿ ಚಾರ್ಲ್ಸ್ ನಾರಿಸ್ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಸ್ಪಿರಿಟ್ಟಿಗೆ ವಿಷ ಹಾಕಿದರೂ ಜನ ಕುಡಿಯುತ್ತಲೇ ಇದ್ದಾರೆ ಎಂದು ಗೊತ್ತಿದ್ದೂ ಸರ್ಕಾರ ಹಾಕುತ್ತಿದೆ, ಈ ಸಾವುಗಳ ನೈತಿಕ ಹೊಣೆ ಅದರದೇ ಎಂದು ಬಹಿರಂಗವಾಗಿ ಹೇಳಿದರು. ಸತ್ತವರಲ್ಲಿ ಹೆಚ್ಚಿನವರು ಬಡವರು, ಒಳ್ಳೆ ಸರಕು ಕೊಳ್ಳುವ ಶಕ್ತಿ ಇಲ್ಲದವರು ಎಂಬುದನ್ನೂ ಎತ್ತಿ ತೋರಿಸಿದರು. ವೀಲರ್ ಕೊಟ್ಟ ಉತ್ತರ: ಕಾನೂನು ಮುರಿದು ಕುಡಿಯುವವನದು ಆತ್ಮಹತ್ಯೆ, ಸರ್ಕಾರದ ತಪ್ಪಿಲ್ಲ.

ಕುಡಿತದಿಂದ ಹಾಳಾಗುವ ಕುಟುಂಬಗಳ ಮೇಲಿನ ಕರುಣೆಯಿಂದ ಹುಟ್ಟಿದ ಚಳವಳಿ ಅದು. ಅದರ ಮುಖಂಡನೇ ಹೀಗೆ ಮಾತನಾಡಿದಾಗ ಅದು ತನ್ನ ದೊಡ್ಡ ಆಸ್ತಿಯನ್ನು ಕಳೆದುಕೊಂಡಿತು ಎಂದು ನನಗನಿಸುತ್ತದೆ. ಆಗಲೂ ಹಿಂದೆ ಸರಿಯಬಹುದಿತ್ತು, 2.75ರ ಬಿಯರ್ ಬಿಟ್ಟುಕೊಡಬಹುದಿತ್ತು. ಮಾಡಲಿಲ್ಲ.

ಬಿಗಿ ಮಾಡಿದಷ್ಟೂ

ಬದಲಿಗೆ ಶಿಕ್ಷೆ ಏರಿಸಿದರು. ಮಿಶಿಗನ್ ರಾಜ್ಯದಲ್ಲಿ ನಾಲ್ಕನೇ ಸಲ ಗಂಭೀರ ಅಪರಾಧ ಮಾಡಿದವರಿಗೆ ಜೀವಾವಧಿ ಕಡ್ಡಾಯ ಎಂಬ ಕಾನೂನಿತ್ತು, ಮದ್ಯದ ಕೇಸುಗಳೂ ಆ ಲೆಕ್ಕಕ್ಕೆ ಸೇರುತ್ತಿದ್ದವು. 1928ರ ಕೊನೆಯಲ್ಲಿ ಲ್ಯಾನ್ಸಿಂಗ್‌ನ ಒಬ್ಬ ತಾಯಿ, ಹತ್ತು ಮಕ್ಕಳನ್ನು ಹೆತ್ತವಳು, ನಾಲ್ಕನೇ ಸಲ ಸಿಕ್ಕಿಬಿದ್ದಳು. ಮಾರಿದ್ದು ಪೈಂಟುಗಳ ಲೆಕ್ಕದ ಕಳ್ಳಭಟ್ಟಿ. ನ್ಯಾಯಾಧೀಶರಿಗೆ ಬೇರೆ ದಾರಿ ಇರಲಿಲ್ಲ, ಜೀವಾವಧಿ ವಿಧಿಸಿದರು. ದೇಶದ ಎಲ್ಲ ಪತ್ರಿಕೆಗಳೂ ಅದನ್ನು ಬರೆದವು. ‘ಅಮಾಯಕ ತಾಯಂದಿರನ್ನು ಕಾಪಾಡುವ ಕಾನೂನು’ ಎಂದು ಐವತ್ತು ವರ್ಷ ಹೇಳಿಕೊಂಡು ಬಂದದ್ದು ಈಗ ಒಬ್ಬ ತಾಯಿಯನ್ನು ಸಾಯುವವರೆಗೆ ಒಳಗೆ ಹಾಕಿತ್ತು. ಶಿಕ್ಷೆ ಆಮೇಲೆ ಕಡಿತವಾಯಿತು, ಆದರೆ ಆಗಬೇಕಾದ ನಷ್ಟ ಆಗಿಹೋಗಿತ್ತು.

ಅಷ್ಟರಲ್ಲೇ, 1929ರ ಮಾರ್ಚ್‌ನಲ್ಲಿ, ಕಾಂಗ್ರೆಸ್ ಜೋನ್ಸ್ ಕಾಯ್ದೆ ತಂದಿತು. ಮೊದಲ ಸಲದ ಅಪರಾಧಕ್ಕೂ ಐದು ವರ್ಷ ಜೈಲು, 10,000 ಡಾಲರ್ ದಂಡದವರೆಗೆ. ಒಕ್ಕೂಟದ ಕೋರ್ಟುಗಳಲ್ಲಿ ಮದ್ಯದ ಕೇಸುಗಳು ಆಗಲೇ ರಾಶಿ ಬಿದ್ದಿದ್ದವು. ವಿಚಾರಣೆ ನಡೆಸಲು ಪುರುಸೊತ್ತಿಲ್ಲದೆ, ತಪ್ಪೊಪ್ಪಿಕೊಂಡವರಿಗೆ ಚಿಲ್ಲರೆ ದಂಡ ಹಾಕಿ ಕಳಿಸುವ ದಿನಗಳನ್ನೇ ನಿಗದಿ ಮಾಡಿದ್ದರು. ಪುಸ್ತಕದಲ್ಲಿ ಐದು ವರ್ಷ, ಕೋರ್ಟಿನಲ್ಲಿ ಐದು ಡಾಲರ್ ಎಂಬ ಪರಿಸ್ಥಿತಿಯಲ್ಲಿ ಪುಸ್ತಕದ ಶಿಕ್ಷೆ ಏರಿಸಿದರೆ ಯಾರು ಹೆದರುತ್ತಾರೆ?

ಕುಸಿತ: ಹೆಂಗಸರು, ಹಣ

ಟೆಕ್ಸಾಸಿನ ಸೆನೆಟರ್ ಮಾರಿಸ್ ಶೆಪರ್ಡ್ 18ನೇ ತಿದ್ದುಪಡಿಯನ್ನು ಸೆನೆಟ್ಟಿನಲ್ಲಿ ಮುನ್ನಡೆಸಿದವರು. 1930ರಲ್ಲೂ ಅವರಿಗೆ ಭಯವಿರಲಿಲ್ಲ. ವಾಷಿಂಗ್ಟನ್ ಸ್ಮಾರಕವನ್ನು ಬಾಲಕ್ಕೆ ಕಟ್ಟಿಕೊಂಡು ಒಂದು ಝೇಂಕಾರ ಹಕ್ಕಿ ಮಂಗಳ ಗ್ರಹಕ್ಕೆ ಹಾರುವುದು ಎಷ್ಟು ಸಾಧ್ಯವೋ ಈ ತಿದ್ದುಪಡಿ ರದ್ದಾಗುವುದೂ ಅಷ್ಟೇ ಸಾಧ್ಯ ಎಂದರು. ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿಯೇ. ಹದಿಮೂರು ರಾಜ್ಯಗಳು ಒಪ್ಪದಿದ್ದರೆ ಸಾಕು, ತಿದ್ದುಪಡಿ ಅಲ್ಲಾಡುವುದಿಲ್ಲ.

ಆದರೆ ಪಾನನಿಷೇಧವನ್ನು ಎತ್ತಿ ನಿಲ್ಲಿಸಿದ್ದ ಎರಡು ಕಂಬಗಳೇ ಸರಿಯುತ್ತಿದ್ದವು. ಮೊದಲನೆಯದು ಹೆಂಗಸರ ಬೆಂಬಲ. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಯಲ್ಲಿದ್ದ ನ್ಯೂಯಾರ್ಕಿನ ಪಾಲಿನ್ ಸೇಬಿನ್ ಮೊದಲು ನಿಷೇಧದ ಪರವೇ ಇದ್ದರು. ಇಬ್ಬರು ಗಂಡುಮಕ್ಕಳು ಮದ್ಯವಿಲ್ಲದ ದೇಶದಲ್ಲಿ ಬೆಳೆಯಲಿ ಎಂಬುದು ಅವರ ಆಸೆ. ಕಂಡದ್ದು ಬೇರೆ: ಕಾನೂನು ಎಂದರೆ ತಮಾಷೆ ಎಂದು ಭಾವಿಸುವ ಹುಡುಗರು, ಸಭೆಯಲ್ಲಿ ನಿಷೇಧದ ಭಾಷಣ ಮಾಡಿ ಸಂಜೆ ಲೋಟ ಹಿಡಿಯುವ ರಾಜಕಾರಣಿಗಳು. ಟೆಂಪರೆನ್ಸ್ ಯೂನಿಯನ್ನಿನ ಅಧ್ಯಕ್ಷೆ ಸಂಸತ್ ಸಮಿತಿಯ ಮುಂದೆ ಅಮೆರಿಕದ ಹೆಂಗಸರೆಲ್ಲರ ಪರವಾಗಿ ಮಾತನಾಡುತ್ತೇನೆ ಎಂದದ್ದು ಅವರನ್ನು ಕೆರಳಿಸಿತು. 1929ರಲ್ಲಿ ಪಕ್ಷದ ಹುದ್ದೆ ಬಿಟ್ಟು, ಮೇ ತಿಂಗಳಲ್ಲಿ ಷಿಕಾಗೋದಲ್ಲಿ ನಿಷೇಧ ರದ್ದತಿಗಾಗಿ ಮಹಿಳೆಯರ ಸಂಘಟನೆ ಕಟ್ಟಿದರು. ಮೂರ್ನಾಲ್ಕು ವರ್ಷದಲ್ಲಿ ಅದು ಹತ್ತು ಲಕ್ಷ ದಾಟಿದ ಸದಸ್ಯರನ್ನು ಹೇಳಿಕೊಂಡಿತು. ಅವರು ಬಳಸಿದ ವಾದ ಟೆಂಪರೆನ್ಸ್ ಯೂನಿಯನ್ನಿನದೇ: ಮನೆಯನ್ನು, ಮಕ್ಕಳನ್ನು ಕಾಪಾಡಿ. ಗಂಡಸರು ಯಾರೇ ಇದನ್ನು ಹೇಳಿದ್ದರೂ ‘ಇವನು ಕುಡುಕ’ ಎಂದು ತಳ್ಳಿಹಾಕುತ್ತಿದ್ದರು.

ಎರಡನೆಯದು ಹಣ. 1929ರ ಷೇರುಪೇಟೆ ಕುಸಿತದ ನಂತರ ಆದಾಯವೇ ಇಲ್ಲದ ಮೇಲೆ ಆದಾಯ ತೆರಿಗೆ ಎಲ್ಲಿಂದ ಬರಬೇಕು? ಮೂರು ವರ್ಷದಲ್ಲಿ ಅದರ ವಸೂಲಿ ಅರ್ಧಕ್ಕಿಂತ ಕೆಳಗಿಳಿಯಿತು. ದುಡಿಯುವವರಲ್ಲಿ ನಾಲ್ವರಿಗೊಬ್ಬರಂತೆ ಕೆಲಸವಿಲ್ಲ. ಬಿಯರ್ ಕಾರ್ಖಾನೆ ತೆರೆದರೆ ಕೆಲಸ, ಸುಂಕ ಎರಡೂ ಬರುತ್ತದೆ ಎಂಬ ಮಾತಿಗೆ ತೂಕ ಬಂತು. ಪಿಯರ್ ಡು ಪಾಂಟ್‌ನಂಥ ಉದ್ಯಮಿಗಳು ಹಣ ಸುರಿದರು. ಮದ್ಯದ ಸುಂಕ ಬಂದರೆ ತಮ್ಮ ಆದಾಯ ತೆರಿಗೆ ಇಳಿಯುತ್ತದೆ ಎಂಬ ಆಸೆಯನ್ನು ಅವರು ಮುಚ್ಚಿಡಲೂ ಇಲ್ಲ. ಆ ಆಸೆ ಕೈಗೂಡಲಿಲ್ಲ, ಎರಡೂ ತೆರಿಗೆ ಉಳಿದವು. 1932ರ ಜೂನ್‌ನಲ್ಲಿ ಜೀವನದಲ್ಲಿ ಹನಿ ಮದ್ಯ ಮುಟ್ಟದ, ಲೀಗಿಗೆ ದೊಡ್ಡ ದೇಣಿಗೆ ಕೊಟ್ಟಿದ್ದ ಮನೆತನದ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಕೂಡ ನಿಷೇಧ ರದ್ದಾಗಲಿ ಎಂದು ಪತ್ರ ಬರೆದರು.

ನಡುವೆ ಅಧ್ಯಕ್ಷ ಹೂವರ್ ನೇಮಿಸಿದ ವಿಕರ್‌ಶ್ಯಾಮ್ ಆಯೋಗ 1931ರಲ್ಲಿ ವರದಿ ಕೊಟ್ಟಿತ್ತು. ಕಾನೂನು ಜಾರಿಯಾಗುತ್ತಿಲ್ಲ ಎಂದು ಪುಟಗಟ್ಟಲೆ ಬರೆದು, ಕೊನೆಗೆ ರದ್ದು ಮಾಡಬಾರದು ಎಂದಿತು. ಸದಸ್ಯರು ಬೇರೆ ಬೇರೆಯಾಗಿ ಬರೆದ ಟಿಪ್ಪಣಿಗಳು ಆ ತೀರ್ಮಾನಕ್ಕೆ ಹೊಂದುತ್ತಿರಲಿಲ್ಲ. ಆಯೋಗ ಎಂದರೆ ಎಲ್ಲ ಕಡೆಯೂ ಹೀಗೆಯೇ ಇರಬೇಕು.

1932ರ ಚುನಾವಣೆಯಲ್ಲಿ ರದ್ದತಿಯ ಪರ ನಿಂತ ಫ್ರಾಂಕ್ಲಿನ್ ರೂಸ್ವೆಲ್ಟ್ ಗೆದ್ದರು. 1933ರ ಫೆಬ್ರವರಿ 20ರಂದು ಕಾಂಗ್ರೆಸ್ 21ನೇ ತಿದ್ದುಪಡಿಯನ್ನು ಕಳಿಸಿದಾಗ ಒಂದು ಜಾಣ ತೀರ್ಮಾನ ಮಾಡಿತು. ಅನುಮೋದನೆಯನ್ನು ಹಳ್ಳಿಗಾಡಿನ ತೂಕವಿದ್ದ ರಾಜ್ಯ ಶಾಸನಸಭೆಗಳ ಕೈಗೆ ಕೊಡದೆ, ಅದಕ್ಕಾಗಿಯೇ ಚುನಾಯಿತವಾಗುವ ವಿಶೇಷ ಸಮಾವೇಶಗಳಿಗೆ ಕೊಟ್ಟಿತು. ಅಮೆರಿಕದ ಇತಿಹಾಸದಲ್ಲಿ ತಿದ್ದುಪಡಿಗೆ ಈ ದಾರಿ ಹಿಡಿದದ್ದು ಆಗ ಮಾತ್ರ. ಜನ ನೇರವಾಗಿ ಪರ ಅಥವಾ ವಿರೋಧದ ಪ್ರತಿನಿಧಿಗೆ ಓಟು ಹಾಕಿದರು. ಶೆಪರ್ಡ್ ನಂಬಿದ್ದ ಹದಿಮೂರು ರಾಜ್ಯಗಳು ಸಿಗಲೇ ಇಲ್ಲ. ಹತ್ತು ತಿಂಗಳೂ ತುಂಬುವ ಮೊದಲು, ಡಿಸೆಂಬರ್ 5ರಂದು, ಯೂಟಾ 36ನೆಯದಾಗಿ ಒಪ್ಪಿತು.

ಅದಕ್ಕೂ ಮುಂಚೆ ನಡೆದದ್ದು ಇನ್ನೂ ಸ್ವಾರಸ್ಯ. ತಿದ್ದುಪಡಿ ರದ್ದಾಗುವವರೆಗೆ ಕಾಯದೆ ಕಾಂಗ್ರೆಸ್ ಮಾರ್ಚ್‌ನಲ್ಲಿ ವೋಲ್‌ಸ್ಟೆಡ್ ಕಾಯ್ದೆಯನ್ನೇ ಬದಲಿಸಿ, ತೂಕದ ಲೆಕ್ಕದಲ್ಲಿ 3.2 ಪರ್ಸೆಂಟಿನ ಬಿಯರ್ ಅಮಲೇರಿಸುವುದಿಲ್ಲ ಎಂದು ಘೋಷಿಸಿತು. ಏಪ್ರಿಲ್ 7ರಂದು ಬಿಯರ್ ಅಂಗಡಿಗೆ ಬಂತು, 18ನೇ ತಿದ್ದುಪಡಿ ಇನ್ನೂ ಜಾರಿಯಲ್ಲಿದ್ದಾಗಲೇ. ಹದಿಮೂರು ವರ್ಷ ಅಸಾಧ್ಯ ಎಂದದ್ದು ಕೆಲವೇ ದಿನಗಳಲ್ಲಿ ಆಯಿತು. ಇದೇ ರಿಯಾಯಿತಿಯನ್ನು 1922ರಲ್ಲೋ 1926ರಲ್ಲೋ ಕೊಟ್ಟಿದ್ದರೆ ಪಟ್ಟಣದ ಕೂಲಿಕಾರರ ಸಿಟ್ಟು ಇಳಿದು, ವಿಸ್ಕಿಯ ಮೇಲಿನ ನಿಷೇಧ ಬಹಳ ವರ್ಷ ಉಳಿಯುತ್ತಿತ್ತೇನೋ.

ಕೈಗೆ ಬಂದದ್ದು

ನಿಷೇಧದಿಂದ ಕುಡಿತ ಕಡಿಮೆಯಾಗಲೇ ಇಲ್ಲ ಎಂಬುದು ತಪ್ಪು. ಅರ್ಥಶಾಸ್ತ್ರಜ್ಞರ ಅಂದಾಜಿನಂತೆ ಮೊದಲ ವರ್ಷಗಳಲ್ಲಿ ಬಳಕೆ ಹಿಂದಿನದರ ನೂರಕ್ಕೆ ಮೂವತ್ತಕ್ಕೆ ಇಳಿದು, ಆಮೇಲೆ ಅರವತ್ತು-ಎಪ್ಪತ್ತಕ್ಕೆ ಏರಿತು. ಪಿತ್ತಜನಕಾಂಗದ ಸಿರೋಸಿಸ್‌ನಿಂದ ಸಾಯುವ ಗಂಡಸರು 1911ರಲ್ಲಿ ಲಕ್ಷಕ್ಕೆ 29.5, 1929ರಲ್ಲಿ 10.7. ಈ ಇಳಿಕೆಯ ದೊಡ್ಡ ಪಾಲು 1920ಕ್ಕೆ ಮೊದಲೇ, ರಾಜ್ಯಗಳ ನಿಷೇಧ ಮತ್ತು ಯುದ್ಧಕಾಲದ ಕಡಿವಾಣದಲ್ಲೇ ಆಗಿತ್ತು ಎಂಬುದನ್ನೂ ಸೇರಿಸಿ ಓದಬೇಕು. ಅಂದರೆ ಸ್ಥಳೀಯ ಒಪ್ಪಿಗೆಯಿಂದ ಬಂದ ಸಣ್ಣ ಸಣ್ಣ ಕಡಿವಾಣಗಳೂ ಕೆಲಸ ಮಾಡುತ್ತಿದ್ದವು. ದೇಶಕ್ಕೆಲ್ಲ ಒಂದೇ ಕಾನೂನು ತಂದವರು ಆ ಗಳಿಕೆಯನ್ನು ಪಣಕ್ಕಿಟ್ಟರು.

ಪಡಖಾನೆಯ ಸಮಸ್ಯೆ ಬಗೆಹರಿದದ್ದು ನಿಷೇಧ ಹೋದ ಮೇಲೆ. ರಾಜ್ಯಗಳು ಲೈಸೆನ್ಸು, ಸಮಯ, ವಯಸ್ಸಿನ ಮಿತಿ ತಂದವು. ಮುಖ್ಯವಾಗಿ, ಮದ್ಯ ತಯಾರಿಸುವವನು, ಸಗಟು ಮಾರುವವನು, ಚಿಲ್ಲರೆ ಅಂಗಡಿಯವನು ಬೇರೆ ಬೇರೆಯಾಗಿರಬೇಕು, ಒಬ್ಬ ಇನ್ನೊಬ್ಬನನ್ನು ಸಾಲದಲ್ಲಿ ಕಟ್ಟಿಹಾಕಬಾರದು ಎಂಬ ನಿಯಮ ಬಹುತೇಕ ಎಲ್ಲ ಕಡೆ ಬಂತು. ಇದನ್ನು 1900ರಲ್ಲೇ ಮಾಡಲು ಯಾವ ಸಂವಿಧಾನವೂ ಅಡ್ಡ ಬರುತ್ತಿರಲಿಲ್ಲ.

ನಮ್ಮ ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ಆದೇಶವಾಗಿ ಬರೆಯಲಿಲ್ಲ, ನಿರ್ದೇಶಕ ತತ್ವವಾಗಿ ಇಟ್ಟಿತು. ಅದರಿಂದ ರಾಜ್ಯಗಳು ತಮಗೆ ಬೇಕಾದಷ್ಟು ತರಬಹುದು, ತೆಗೆಯಬಹುದು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ಮಾತ್ರ ನಿಲ್ಲಿಸಿ ಉಳಿದದ್ದನ್ನು ಬಿಟ್ಟದ್ದು ಆ ಸಡಿಲಿನಲ್ಲಿ. ಬಡವನ ಸರಕು ಮಾತ್ರ ಯಾಕೆ ಎಂಬ ಪ್ರಶ್ನೆ ಬೇರೆ, ಅದಕ್ಕೆ ಇನ್ನೊಂದು ಲೇಖನ ಬೇಕು.

ಅಮೆರಿಕದ 21ನೇ ತಿದ್ದುಪಡಿಯೂ ಮದ್ಯದ ಅಧಿಕಾರವನ್ನು ರಾಜ್ಯಗಳಿಗೆ ವಾಪಸ್ ಕೊಟ್ಟಿತು. ಕೆಲವು ರಾಜ್ಯಗಳು ನಿಷೇಧವನ್ನು ಉಳಿಸಿಕೊಂಡವು. ಎಲ್ಲಕ್ಕಿಂತ ಕೊನೆಗೆ ಬಿಟ್ಟದ್ದು ಮಿಸಿಸಿಪ್ಪಿ, 1966ರಲ್ಲಿ. ಅಷ್ಟರವರೆಗೆ ಅಲ್ಲಿ ವಿಸ್ಕಿ ಮಾರುವುದು ಅಪರಾಧವಾಗಿತ್ತು. 1944ರಿಂದ ಆ ಅಪರಾಧದ ಸರಕಿನ ಮೇಲೆ ಅದೇ ರಾಜ್ಯ ತೆರಿಗೆಯನ್ನೂ ವಸೂಲಿ ಮಾಡುತ್ತಿತ್ತು.